ಮೂರು ಬೂದಿ, ನಾಲ್ಕು ದಿನ: ರಾಯದುರ್ಗದಿಂದ ಜ್ವಾಲಾಪುರಕ್ಕೆ

ಈ ಪ್ರವಾಸಕ್ಕೆ ಮೂಲಕಾರಣ ನನ್ನ ಅಕ್ಕನ ಮಗನ ಎಂಜಲು. ಬಳ್ಳಾರಿಯಲ್ಲಿ ಜೀವವಿಜ್ಞಾನ ಓದುತ್ತಿರುವ ಅವನು ಕಳೆದ ವರ್ಷ ಯಾವುದೋ ಒಂದು ಕಂಪನಿಗೆ ಹಣ ಕಟ್ಟಿ, ಸಣ್ಣ ನಳಿಕೆಯೊಂದರಲ್ಲಿ ಎಂಜಲು ತುಂಬಿ ಕಳುಹಿಸಿದ್ದ. ಎರಡು ತಿಂಗಳ ಮೇಲೆ ಬಂದ ವರದಿಯಲ್ಲಿ ಅವನ ವಂಶದ ಬಹುಪಾಲು ದಕ್ಷಿಣ ಏಷ್ಯಾದ್ದೆಂದೂ ಶೇಕಡಾ ಎರಡರಷ್ಟು 'ಓಷಿಯಾನಿಯಾ'ದ್ದೆಂದೂ (ಆಸ್ಟ್ರೇಲಿಯ, ಪಪುವಾ ಮತ್ತು ಅವುಗಳಾಚೆಯ ದ್ವೀಪಗಳ ಸೀಮೆ) ಬಣ್ಣದ ನಕ್ಷೆಯ ಸಮೇತ ಬರೆದಿತ್ತು. ವಿವರ ಕೇಳಿ ಅವನು ಬರೆದ ಮೂರು ಪತ್ರಗಳಿಗೂ ಅಕ್ಷರ ಬದಲಾಗದ ಒಂದೇ ಉತ್ತರ ಬಂತು. ಅಂದಿನಿಂದ ಆಸ್ಟ್ರೇಲಿಯದ ಮೂಲನಿವಾಸಿಗಳ ಚಿತ್ರ ಎಲ್ಲಿ ಕಂಡರೂ "ಮಾಮ, ಇವರು ನಮ್ಮ ನೆಂಟರು" ಎನ್ನುವುದು ಅವನ ರೂಢಿಯಾಯಿತು. ರಾಯದುರ್ಗದ ಕಡೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮೂವತ್ತು ವರ್ಷ ಸಮಾಜ ಪಾಠ ಹೇಳಿ ನಿವೃತ್ತನಾದ ನನಗೆ, ನಂಟಸ್ತಿಕೆಯನ್ನು ಇಷ್ಟು ಅಗ್ಗವಾಗಿ ಒಪ್ಪಿಬಿಡುವುದು ಸರಿಕಾಣಲಿಲ್ಲ. ದೂರದ ಜನರ ನಡುವಣ ಹಳೆಯ ನಂಟಿನ ಬಗ್ಗೆ ವಿದ್ವಾಂಸರು ಜಗಳವಾಡುವ ಜಾಗವೊಂದು ನಮ್ಮ ಸೀಮೆಯಲ್ಲಿಯೇ, ಬನಗಾನಪಲ್ಲಿಯ ಹತ್ತಿರದ ಜ್ವಾಲಾಪುರದಲ್ಲಿದೆ. ಅದನ್ನು ನೋಡಿಬರೋಣ ಎಂದು ನಾನೇ ಹೊರಡಿಸಿದೆ. ನನ್ನ ಜೊತೆಯಲ್ಲಿ ನಿವೃತ್ತರಾದ ಭೂಗೋಳದ ಮೇಷ್ಟ್ರು ಮೂರನೆಯವರಾಗಿ ಸೇರಿಕೊಂಡರು.

ಮೊದಲ ದಿನ: ರಾಯದುರ್ಗ, ಪಾಲವಾಯಿ, ಗುತ್ತಿ

ಡಿಸೆಂಬರಿನ ಒಂದು ಶುಕ್ರವಾರ ನಸುಕಿನಲ್ಲಿ ಹೊರಟೆವು. ಅಕ್ಕ ಒಂದು ಡಬ್ಬಿ ಚಿತ್ರಾನ್ನ, ಒಂದು ಡಬ್ಬಿ ಮಂಡಕ್ಕಿ ಒಗ್ಗರಣೆ, ಬಿಸಿಲಿಗೆ ಪಾನಕ ಮಾಡಿಕೊಳ್ಳಲೆಂದು ಆರು ನಿಂಬೆಹಣ್ಣು ಕೊಟ್ಟಿದ್ದಳು. ಈ ನಿಂಬೆಹಣ್ಣುಗಳು ಮುಂದೆ ಪಾನಕಕ್ಕಿಂತ ಹೆಚ್ಚಿನ ಕೆಲಸಕ್ಕೆ ಬಂದವು.

ಕಲ್ಯಾಣದುರ್ಗದ ಕಡೆಯ ಪಾಲವಾಯಿಯಲ್ಲಿ ಬೂದಿದಿಬ್ಬವಿದೆ. ವಿ. ರಾಮಿರೆಡ್ಡಿಯವರು ಉತ್ಖನನ ಮಾಡಿದ ನೆಲೆಯಿದು. ದೂರದಿಂದ ನೋಡಿದರೆ ಕಣದ ಹೊಟ್ಟಿನ ರಾಶಿಗೆ ಮಳೆ ಬಿದ್ದು ಕುಸಿದಂತೆ ಕಾಣುತ್ತದೆ. ಹತ್ತಿರ ಹೋದರೆ ಮೆತ್ತಗಿನ ನಸುಬೂದು ಪುಡಿಯ ಪದರಗಳ ನಡುವೆ ಕರಗಿ ಹೆಪ್ಪುಗಟ್ಟಿದ ಗಟ್ಟಿ ಹೆಂಟೆಗಳು ಸಿಗುತ್ತವೆ. ಅಂಥದೊಂದು ಹೆಂಟೆಯನ್ನು ಕೈಗೆತ್ತಿಕೊಂಡು ನೋಡಿದೆವು. ಗಾತ್ರಕ್ಕೆ ತಕ್ಕ ತೂಕವಿಲ್ಲ, ಮೈತುಂಬ ಜೇನುಗೂಡಿನಂಥ ತೂತುಗಳು, ಒಂದು ಮಗ್ಗುಲು ಗಾಜಿನ ಹಾಗೆ ಹೊಳೆಯುತ್ತದೆ, ಇನ್ನೊಂದು ಮಗ್ಗುಲಲ್ಲಿ ಹುಲ್ಲುಕಡ್ಡಿ ಸುಟ್ಟುಹೋದ ಜಾಗ ಸಣ್ಣ ಕೊಳವೆಯಾಗಿ ಉಳಿದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇವನ್ನು ಕಂಡ ಕೆಲವರು ಜ್ವಾಲಾಮುಖಿಯ ಕಿಟ್ಟವಿರಬಹುದೇ ಎಂದು ಶಂಕಿಸಿದ್ದು ಅಚ್ಚರಿಯಲ್ಲ. ಬಳ್ಳಾರಿಯ ಕಡೆಯ ಕುಪ್ಪಗಲ್ಲಿನ ದಿಬ್ಬಕ್ಕಂತೂ ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿಯೆಂಬ ಕಥೆಯೇ ಇದೆ. ಇದು ದನದ ಸಗಣಿ ಸುಟ್ಟ ಬೂದಿಯೆಂದು ವಾದಿಸಿದವನು ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1957ರಲ್ಲಿ ಊಟ್ನೂರಿನಲ್ಲಿ ಪುರಾತತ್ವಜ್ಞ ಆಲ್ಚಿನ್ ನಡೆಸಿದ ಉತ್ಖನನದಲ್ಲಿ ದೊಡ್ಡಿಯ ಗೂಟಗಳ ಗುಣಿ, ದನಗಳ ಗೊರಸಿನ ಗುರುತು ಸಿಕ್ಕ ಮೇಲೆ ಆ ಮಾತು ಖಚಿತವಾಯಿತು. ಇಂದಿಗೆ ಸುಮಾರು ಐದು ಸಾವಿರ ವರ್ಷಗಳ ಹಿಂದಿನಿಂದ ನಮ್ಮ ಈ ಕಲ್ಲುಸೀಮೆಯಲ್ಲಿ ದನ ಕಾಯುತ್ತಿದ್ದ ನವಶಿಲಾಯುಗದ ಜನ, ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟು ಉಳಿಸಿಹೋದದ್ದು ಇದು. ನೋಡಲು ಜ್ವಾಲಾಮುಖಿಯದು, ಹುಟ್ಟಿನಿಂದ ಸಗಣಿಯದು. ಹೆಂಟೆಯನ್ನು ಎತ್ತಿದಲ್ಲಿಯೇ ಇಟ್ಟು ಬಂದೆವು.

ಮಧ್ಯಾಹ್ನದ ಊಟ ಕಲ್ಯಾಣದುರ್ಗದಲ್ಲಿ ನಮ್ಮ ಚಿಕ್ಕಪ್ಪನ ಮಗನ ಮನೆಯಲ್ಲಿ. ಅವರೆಯ ಕಾಲವಾದ್ದರಿಂದ ಹಿತಕಿದ ಬೇಳೆಯ ಸಾರು, ರಾಗಿಮುದ್ದೆ, ಬದಿಗೆ ಒಂದು ಸಜ್ಜೆರೊಟ್ಟಿ. ಭೂಗೋಳದ ಮೇಷ್ಟ್ರು ಮುದ್ದೆ ಮುರಿಯುತ್ತ, "ಈ ತಟ್ಟೆಯಲ್ಲಿ ನಮ್ಮದು ಅನ್ನುವುದು ಎಷ್ಟಿದೆ ಹೇಳು ನೋಡೋಣ" ಎಂದು ಹುಡುಗನನ್ನು ಕೇಳಿದರು. ರಾಗಿ ಮೊದಲು ಬೆಳೆಗೆ ಬಂದದ್ದು ಇಥಿಯೋಪಿಯ ಮತ್ತು ಉಗಾಂಡದ ಎತ್ತರದ ಸೀಮೆಯಲ್ಲಿ. ಜೋಳ ಸುಡಾನಿನ ಪೂರ್ವಭಾಗದಲ್ಲಿ. ಸಜ್ಜೆ ಸಹಾರದ ದಕ್ಷಿಣದಂಚಿನಲ್ಲಿ. ಅವರೆ, ಅಲಸಂದೆ ಕೂಡ ಆಫ್ರಿಕದ ತವರಿನವು. ಬಳ್ಳಾರಿಯ ಸಂಗನಕಲ್ಲಿನಂಥ ನೆಲೆಗಳ ಅತಿ ಹಳೆಯ ಪದರಗಳಲ್ಲಿ ಸಿಗುವುದು ಹುರುಳಿ, ಹೆಸರು ಮತ್ತು ಈ ನೆಲದ ಸಣ್ಣ ಸಿರಿಧಾನ್ಯಗಳು. ಆಫ್ರಿಕದ ಕಾಳುಗಳು ಅವುಗಳ ಜೊತೆಗೆ ಸೇರಿದ್ದು ಅನಂತರ, ಒಟ್ಟು ಲೆಕ್ಕದಲ್ಲಿ ಮೂರೂವರೆ ನಾಲ್ಕು ಸಾವಿರ ವರ್ಷಗಳಿಂದೀಚೆಗೆ.

ಹುಡುಗ ಕೂಡಲೇ "ಹಾಗಾದರೆ ಆಫ್ರಿಕದವರು ಇಲ್ಲಿಗೆ ಬಂದಿದ್ದರು" ಎಂದ. ಇಲ್ಲಿಯೇ ಮೊದಲ ಎಚ್ಚರಿಕೆ ಬೇಕಾಗುವುದು. ಉತ್ತರ ಕನ್ನಡದ ಮತ್ತು ಗುಜರಾತಿನ ಸಿದ್ದಿಗಳ ವಂಶವಾಹಿಗಳನ್ನು 2011ರಲ್ಲಿ ಪರಿಶೀಲಿಸಿದಾಗ ಆಫ್ರಿಕದ ಬಾಂಟು ಜನರೊಡನೆ ಅವರ ನಂಟು ನಿಚ್ಚಳವಾಗಿ ಕಂಡಿತು. ಅವರು ಬಂದದ್ದು ಕೆಲವೇ ಶತಮಾನಗಳ ಹಿಂದೆ, ಬಹುಪಾಲು ಗುಲಾಮರಾಗಿ. ಅದಕ್ಕೂ ಸಾವಿರಾರು ವರ್ಷ ಮೊದಲೇ ಬಂದ ರಾಗಿ ಮತ್ತು ಜೋಳದ ಬೆನ್ನಿಗೆ ಅಂಥ ರಕ್ತದ ಗುರುತು ದಖ್ಖನಿನ ಒಕ್ಕಲುಮಕ್ಕಳಲ್ಲಿ ಕಾಣುವುದಿಲ್ಲ. ಕಾಳು ಕೈಯಿಂದ ಕೈಗೆ, ಬಂದರಿನಿಂದ ಬಂದರಿಗೆ ಬರುತ್ತದೆ. ಬಿತ್ತಿದವನು ಜೊತೆಗೆ ಬರಲೇಬೇಕೆಂದಿಲ್ಲ. ಒಂದು ಕಡೆ ಜನ ಬಂದರು, ಕಾಳು ತರಲಿಲ್ಲ. ಇನ್ನೊಂದು ಕಡೆ ಕಾಳು ಬಂತು, ಜನ ಬರಲಿಲ್ಲ.

ಗುತ್ತಿಯ ವಸತಿಗೃಹದಲ್ಲಿ ರಾತ್ರಿ ಸೊಳ್ಳೆಗಳ ದೆಸೆಯಿಂದ ನಿದ್ದೆ ಬಾರದೆ ಹುಡುಗ ಹೊಸ ಸಿದ್ಧಾಂತವೊಂದನ್ನು ಕಟ್ಟಿದ. ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ನಿಜವಾದದ್ದೇ. ಜಾನುವಾರುಗಳ ಪ್ರಾಚೀನ ಡಿಎನ್‌ಎ ಕುರಿತ 2019ರ ಅಧ್ಯಯನದ ಪ್ರಕಾರ ಡುಬ್ಬದ ಗೂಳಿಗಳ ವಂಶವಾಹಿ ಸಿಂಧೂ ಕಡೆಯಿಂದ ಪಶ್ಚಿಮ ಏಷ್ಯಾಕ್ಕೆ ಹರಡಿದ್ದು ಸುಮಾರು 4,200 ವರ್ಷಗಳ ಹಿಂದೆ, ದೊಡ್ಡ ಬರಗಾಲದ ಹೊತ್ತಿನಲ್ಲಿ. ಭಾರತದಿಂದ ಆಸ್ಟ್ರೇಲಿಯಕ್ಕೆ ಜನ ಹೋಗಿದ್ದರೆಂದು ವಾದಿಸಿದ 2013ರ ಅಧ್ಯಯನ ಹೇಳಿದ ಕಾಲ ಸುಮಾರು 4,230 ವರ್ಷ. ನಮ್ಮ ಕರಾವಳಿಯ ಕೊರಗ ಸಮುದಾಯದ ವಂಶವಾಹಿಗಳನ್ನು ನೋಡಿ, ದ್ರಾವಿಡ ಭಾಷಿಕರಲ್ಲಿ ಇರಾನಿನ ಪ್ರಸ್ಥಭೂಮಿಗೂ ಸಿಂಧೂ ಕಣಿವೆಗೂ ನಡುವೆ ಕವಲೊಡೆದ ಪ್ರತ್ಯೇಕ ಮೂಲವೊಂದಿದೆಯೆಂದು ಮಂಗಳೂರಿನ ಕಡೆಯ ಸಂಶೋಧಕರು ಇತ್ತೀಚೆಗೆ ಸೂಚಿಸಿದ ಕಾಲ 4,400 ವರ್ಷ. "ಮೂರೂ ಒಂದೇ ಕಾಲ ಮಾಮ. ಬರ ಬಂತು, ಎಲ್ಲರೂ ದನ ಹೊಡೆದುಕೊಂಡು ಎದ್ದುಹೋದರು" ಎಂದು ಅವನು ಕತ್ತಲಲ್ಲಿಯೇ ಕೈ ತಟ್ಟಿದ. ಮಗ್ಗುಲ ಮಂಚದಿಂದ ಮೇಷ್ಟ್ರು, "ಒಂದೇ ದಿನ ಹತ್ತು ಮದುವೆ ನಡೆದರೆ ಹತ್ತೂ ಮನೆ ಬೀಗರಾಗುತ್ತವೇನಪ್ಪ? ಮಲಗು" ಎಂದರು. ಇಂಥ ಕಾಲಗಣನೆಗಳಲ್ಲಿ ಕೆಲವು ನೂರು ವರ್ಷಗಳ ಹಿಂಜರಿತ ಮುಂಜರಿತ ಇದ್ದೇ ಇರುತ್ತದೆಂಬುದನ್ನು ನಾನು ಬೆಳಿಗ್ಗೆ ಹೇಳಿದರಾಯಿತೆಂದು ಸುಮ್ಮನಾದೆ.

ಎರಡನೆಯ ದಿನ: ಎರ್ರಗುಡಿ, ಬೇತಂಚರ್ಲ, ಬಿಲ್ಲಸುರ್ಗಂ

ಗುತ್ತಿಯಿಂದ ಪತ್ತಿಕೊಂಡದ ದಾರಿಯಲ್ಲಿ ಎರ್ರಗುಡಿಯ ಅಶೋಕನ ಶಾಸನಗಳಿವೆ. ಮುಂಗಾರಿನಲ್ಲಿ ಬಂದರೆ ಸುತ್ತಲಿನ ಜೊನ್ನಗಿರಿ, ತುಗ್ಗಲಿಯ ಹೊಲಗಳಲ್ಲಿ ವಜ್ರ ಹುಡುಕುವವರ ಜಾತ್ರೆಯೇ ನೆರೆದಿರುತ್ತದೆ. ಡಿಸೆಂಬರಿನಲ್ಲಿ ನಮ್ಮನ್ನು ಬಿಟ್ಟರೆ ಇದ್ದದ್ದು ಒಂದು ಕುರಿಮಂದೆ. ಬಂಡೆಗಳ ಮೇಲೆ ಬ್ರಾಹ್ಮಿಯ ಸಾಲುಗಳು ಇಳಿಬಿಸಿಲಿಗಿಂತ ಬೆಳಗಿನ ಓರೆಬಿಸಿಲಿನಲ್ಲಿಯೇ ಚೆನ್ನಾಗಿ ಎದ್ದು ಕಾಣುತ್ತವೆ. ಇಲ್ಲಿನ ಕಿರುಶಾಸನದ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಮುಂದಿನವು ಬಲದಿಂದ ಎಡಕ್ಕೂ, ಉಳುವ ಎತ್ತು ತಿರುಗಿದ ಹಾಗೆ ತಿರುಗುತ್ತವೆ.

ಈ ಬಂಡೆಗೆ ನಮ್ಮ ವಿಷಯದಲ್ಲಿ ಒಂದು ವಿಶೇಷ ಮಾನ್ಯತೆಯಿದೆ. ಹದಿಮೂರನೆಯ ಶಾಸನದಲ್ಲಿ ಅಶೋಕ ಐವರು ಯವನ ಅರಸರ ಹೆಸರು ಹೇಳುತ್ತಾನೆ: ಸಿರಿಯದ ಆಂಟಿಯೋಕಸ್, ಈಜಿಪ್ಟಿನ ಟಾಲೆಮಿ, ಮೆಸಿಡೋನಿಯದ ಆಂಟಿಗೊನಸ್, ಸಿರೀನಿನ ಮಾಗಸ್, ಅಲೆಕ್ಸಾಂಡರ್ ಎಂಬ ಇನ್ನೊಬ್ಬ. ಎರಡನೆಯ ಶಾಸನದಲ್ಲಿ ತನ್ನ ರಾಜ್ಯದಲ್ಲಿಯೂ ಚೋಳ ಪಾಂಡ್ಯರ ನಾಡಿನಲ್ಲಿಯೂ ಆಂಟಿಯೋಕಸನ ಸೀಮೆಯಲ್ಲಿಯೂ ಮನುಷ್ಯರಿಗೆ, ಪ್ರಾಣಿಗಳಿಗೆ ಔಷಧದ ಗಿಡಮೂಲಿಕೆಗಳು ಎಲ್ಲೆಲ್ಲಿ ಇಲ್ಲವೋ ಅಲ್ಲಿಗೆಲ್ಲ ತರಿಸಿ ನೆಡಿಸಿರುವುದಾಗಿ ಹೇಳಿಕೊಳ್ಳುತ್ತಾನೆ. ಗುತ್ತಿಯ ಪಕ್ಕದ ಕುರಿಗಾಹಿಯ ಕಲ್ಲಿನ ಮೇಲೆ ನೈಲ್ ನದಿಯ ಅರಸನ ಹೆಸರಿದೆಯೆಂಬುದು, ಎಷ್ಟು ಸಲ ಪಾಠ ಹೇಳಿದ್ದರೂ, ಎದುರು ನಿಂತಾಗ ಮೈ ಜುಮ್ಮೆನಿಸಿತು. ದೂರದವರ ನಡುವಣ ನಂಟಿಗೆ ನಮ್ಮ ಸೀಮೆಯಲ್ಲಿ ಇಂಥ ಬರೆದ ಸಾಕ್ಷಿ ಸಿಗುವುದು ಎರಡು ಸಾವಿರದ ಮುನ್ನೂರು ವರ್ಷಗಳಷ್ಟು ಹಿಂದಿನವರೆಗೆ ಮಾತ್ರ. ಅದರಾಚೆಗೆ ಬೂದಿ, ಕಲ್ಲು, ಎಲುಬು, ಎಂಜಲು ಇವುಗಳಿಂದಲೇ ಮಾತು ಹೊರಡಿಸಬೇಕು.

ಡೋಣಿನ ಮೇಲೆ ಬೇತಂಚರ್ಲದ ಕಡೆ ತಿರುಗಿದ ಮೇಲೆ ನನ್ನ ಮಾನ ಹೋಯಿತು. ರಸ್ತೆಯ ಬದಿಯಲ್ಲಿ ಆಳೆತ್ತರದ ಬಿಳಿಬೂದು ಪದರವೊಂದು ಉದ್ದಕ್ಕೂ ಮಲಗಿತ್ತು. ಸುಮಾತ್ರದ ಟೋಬಾ ಜ್ವಾಲಾಮುಖಿ ಎಪ್ಪತ್ತನಾಲ್ಕು ಸಾವಿರ ವರ್ಷಗಳ ಹಿಂದೆ ಉಗುಳಿದ ಬೂದಿಗೆ ಹೆಸರಾದ ಜ್ವಾಲಾಪುರದ ಚಿತ್ರಗಳನ್ನು ಓದುಕೋಣೆಯಲ್ಲಿ ನೂರು ಸಲ ನೋಡಿದ್ದ ನಾನು ಕಾರು ನಿಲ್ಲಿಸಿ, "ನೋಡಿರಿ, ಟೋಬಾದ ಬೂದಿ ಇಲ್ಲಿಯವರೆಗೂ ಬಂದಿದೆ" ಎಂದು ಘೋಷಿಸಿಬಿಟ್ಟೆ. ಹುಡುಗ ಚಿತ್ರ ತೆಗೆದ. ಮೇಷ್ಟ್ರು ಮಾತಾಡಲಿಲ್ಲ, ಕೆಳಗಿಳಿದು ಒಂದು ಚಿಟಿಕೆ ಪುಡಿಯನ್ನು ಡಬ್ಬಿಯ ಮುಚ್ಚಳದ ಮೇಲಿಟ್ಟು, ಅಕ್ಕ ಕೊಟ್ಟ ನಿಂಬೆಹಣ್ಣೊಂದನ್ನು ಹೆಚ್ಚಿ ಎರಡು ಹನಿ ಹಿಂಡಿದರು. ಪುಡಿ ಚುರುಚುರು ಎಂದು ನೊರೆಯೆದ್ದಿತು. ಸುಣ್ಣದಕಲ್ಲಿಗೆ ಹುಳಿ ಬಿದ್ದರೆ ಹಾಗೆ ನೊರೆಯುತ್ತದೆ. ಜ್ವಾಲಾಮುಖಿಯ ಬೂದಿ ಗಾಜಿನ ಜಾತಿಯದು, ಅದಕ್ಕೆ ನಿಂಬೆಯ ಹುಳಿ ಲೆಕ್ಕಕ್ಕಿಲ್ಲ. ಅದು ಈ ಸೀಮೆಯ ಚಪ್ಪಡಿ ಪಾಲಿಷ್ ಮಾಡುವ ಕಾರ್ಖಾನೆಗಳು ಕಲ್ಲು ಕೊಯ್ದು ಉಜ್ಜಿದಾಗ ಬರುವ ಕೆಸರನ್ನು ತಂದು ಸುರಿದು, ಒಣಗಿ ಪದರವಾದ ತ್ಯಾಜ್ಯ. ನಮ್ಮ ಮನೆಯ ನಡುಮನೆಗೆ ಹಾಸಿರುವ ಕಲ್ಲಿನ ದೂಳು. "ಎಪ್ಪತ್ತನಾಲ್ಕು ಸಾವಿರ ವರ್ಷದ್ದಲ್ಲ ಸಾರ್, ಎಪ್ಪತ್ತನಾಲ್ಕು ದಿನದ್ದಿರಬಹುದು" ಎಂದ ಮೇಷ್ಟ್ರ ಮಾತನ್ನು ಅಕ್ಕನ ಮಗ ಊರು ತಲುಪುವವರೆಗೂ ಬಿಡಲಿಲ್ಲ.

ಬಿಲ್ಲಸುರ್ಗದ ಗವಿಗಳು ಬೇತಂಚರ್ಲದಿಂದ ದೂರವಿಲ್ಲ. 'ಬಿಲಸ್ವರ್ಗ' ಎಂಬ ಹೆಸರೇ ಹೀಗೆ ಸವೆದಿದೆ. ಸುಣ್ಣದಕಲ್ಲಿನ ಇಕ್ಕಟ್ಟಾದ ಕಣಿವೆ, ಎರಡೂ ಬದಿಯಲ್ಲಿ ಕರಿಬಾಯಿ ತೆರೆದ ಗವಿಗಳು, ಒಳಗೆ ಬಾವಲಿಯ ಘಾಟು. ನ್ಯೂಬೋಲ್ಡ್ ಎಂಬ ಸೇನಾಧಿಕಾರಿ 1840ರ ದಶಕದಲ್ಲಿ ಇದರ ಬಗ್ಗೆ ಬರೆದಿದ್ದ. ಫೂಟ್ ಮತ್ತು ಅವನ ಮಗ ಹೆನ್ರಿ 1884-85ರಲ್ಲಿ ಇಲ್ಲಿ ಅಗೆಸಿದರು. ಸಿಕ್ಕ ಎಲುಬಿನ ಉಪಕರಣಗಳನ್ನು ಫೂಟ್ ಫ್ರಾನ್ಸಿನ ಮ್ಯಾಗ್ಡಲೀನಿಯನ್ ಎಂಬ ಹಳೆ ಶಿಲಾಯುಗದ ಉಪಕರಣಗಳಿಗೆ ಹೋಲಿಸಿದ. ಪ್ರಾಣಿಗಳ ಎಲುಬುಗಳನ್ನು ಪರಿಶೀಲಿಸಿದ ಪ್ರಾಣಿಶಾಸ್ತ್ರಜ್ಞ ಲಿಡೆಕರ್‌ಗೆ ಅವುಗಳಲ್ಲಿ ಕೆಲವು ಆಫ್ರಿಕದ ಪ್ರಾಣಿಗಳಂತೆ ಕಂಡವು. ಆ ಕಾಲದ ವಿದ್ವಾಂಸರಿಗೆ ಹೋಲಿಸಲು ಕೈಗೆ ಸಿಗುತ್ತಿದ್ದದ್ದು ಯೂರೋಪು ಮತ್ತು ಆಫ್ರಿಕದ ಮಾದರಿಗಳು. ಕಂಡದ್ದೆಲ್ಲ ಅವುಗಳಂತೆಯೇ ಕಂಡರೆ ತಪ್ಪು ಹಿಡಿಯುವಂತಿಲ್ಲ. ಇದೇ ಗವಿಗಳನ್ನು ಮತ್ತೆ ಅಗೆದು ಎಲುಬುಗಳನ್ನು ಮತ್ತೆ ಎಣಿಸಿದ 2014ರ ಅಧ್ಯಯನ, ಎರಡು ಲಕ್ಷ ವರ್ಷಗಳಿಂದ ಇಲ್ಲಿದ್ದ ಸಸ್ತನಿಗಳಲ್ಲಿ ಬಹುತೇಕ ಎಲ್ಲವೂ ಇಂದಿಗೂ ಈ ಉಪಖಂಡದಲ್ಲಿಯೇ ಉಳಿದಿವೆಯೆಂದು ತೋರಿಸಿತು. ಅಕ್ಕನ ಮಗನ ವರದಿಗೂ ಇದಕ್ಕೂ ಸಂಬಂಧವಿದೆಯೆಂದು ನನಗೆ ಹೊಳೆದದ್ದು ಆ ಗವಿಯ ಬಾಯಲ್ಲಿ: ಹೋಲಿಸಲು ಇಟ್ಟುಕೊಂಡ ಮಾದರಿಗಳು ಯಾವುವೋ ಉತ್ತರವೂ ಅವುಗಳ ಪೈಕಿಯೇ ಬರುತ್ತದೆ.

ರಾತ್ರಿ ಯಾಗಂಟಿಯಲ್ಲಿ ಉಳಿದೆವು. ಉಮಾಮಹೇಶ್ವರನ ದರ್ಶನ, ಬೆಳೆಯುತ್ತಿದೆಯೆಂದು ಭಕ್ತರು ನಂಬುವ ಬಸವಣ್ಣನಿಗೆ ಒಂದು ಪ್ರದಕ್ಷಿಣೆ, ಮೊಸರನ್ನ, ನಿದ್ದೆ.

ಮೂರನೆಯ ದಿನ: ಜ್ವಾಲಾಪುರ

ಜುರ್ರೇರು ಎಂಬ ಸಣ್ಣ ಹೊಳೆಯ ಕಣಿವೆಯಲ್ಲಿ ಜ್ವಾಲಾಪುರವಿದೆ. ಹೆಸರಿನಲ್ಲಿಯೇ ಜ್ವಾಲೆಯಿರುವುದರಿಂದ, ಊರಿನವರ ಪೂರ್ವಜರಿಗೆ ಜ್ವಾಲಾಮುಖಿಯ ನೆನಪಿತ್ತೆಂದು ಹೇಳಲು ನಾಲಿಗೆ ತುರಿಸುತ್ತದೆ. ಎಪ್ಪತ್ತನಾಲ್ಕು ಸಾವಿರ ವರ್ಷ ಹೆಸರು ಹೊತ್ತು ತರುವ ಭಾಷೆ ಲೋಕದಲ್ಲಿಲ್ಲ. ಹೆಸರು ಮತ್ತು ಬೂದಿ ಒಂದೇ ಊರಿನಲ್ಲಿ ಸೇರಿದ್ದು ಕಾಕತಾಳೀಯ. ಹಿಂದಿನ ದಿನದ ಅವಮಾನದ ಮೇಲೆ ನಾನು ಇಂಥ ವಿಷಯಗಳಲ್ಲಿ ಬಹಳ ಬಿಗಿಯಾಗಿದ್ದೆ.

ಸುಮಾತ್ರದ ಟೋಬಾ ಜ್ವಾಲಾಮುಖಿ ಸುಮಾರು 74,000 ವರ್ಷಗಳ ಹಿಂದೆ ಸಿಡಿಯಿತು. ಕಳೆದ ಇಪ್ಪತ್ತು ಲಕ್ಷ ವರ್ಷಗಳಲ್ಲಿ ಅದಕ್ಕಿಂತ ದೊಡ್ಡ ಸಿಡಿತ ನಡೆದಿಲ್ಲವೆನ್ನುತ್ತಾರೆ. ಅದು ತೋಡಿದ ಗುಳಿ ಇಂದು ನೂರು ಕಿಲೋಮೀಟರು ಉದ್ದದ ಸರೋವರವಾಗಿದೆ. ಅಲ್ಲಿಂದ ಜ್ವಾಲಾಪುರ 2,600 ಕಿಲೋಮೀಟರಿಗೂ ಹೆಚ್ಚು ದೂರ. ಗಾಳಿ ಹೊತ್ತು ತಂದ ಬೂದಿ ಇಲ್ಲಿ ನೇರವಾಗಿ ಬಿದ್ದದ್ದು ಕೆಲವೇ ಸೆಂಟಿಮೀಟರು; ಆಮೇಲೆ ಸುತ್ತಲಿನ ಇಳಿಜಾರುಗಳಿಂದ ಮಳೆನೀರು ತೊಳೆದು ತಂದು ಕಣಿವೆಯ ತಗ್ಗಿನಲ್ಲಿ ಎರಡು ಮೀಟರಿಗೂ ಮಿಕ್ಕಿ ಪೇರಿಸಿತು. ಊರವರು ಈ ಬಿಳಿಮಣ್ಣನ್ನು ಅಗೆದು ಮಾರುತ್ತ ಬಂದದ್ದರಿಂದಲೇ ಪದರಗಳು ವಿದ್ವಾಂಸರ ಕಣ್ಣಿಗೆ ತೆರೆದುಕೊಂಡವು. ಪಾತ್ರೆ ತೊಳೆಯುವ ಪುಡಿಗೆ ಇದು ಬೇಕು.

ಹಳೆಯ ಗುಂಡಿಯೊಂದರ ಗೋಡೆಯೆದುರು ನಿಂತೆವು. ಕೆಳಗೆ ಕಂದುಮಣ್ಣು, ಅದರ ಮೇಲೆ ಗೆರೆ ಎಳೆದಂತೆ ಬಿಳಿ, ಮೇಲಕ್ಕೆ ಹೋದಂತೆ ಬಿಳಿಯಲ್ಲಿ ಮಣ್ಣು ಕಲೆತು ಕೆನೆಬಣ್ಣ, ಎಲ್ಲಕ್ಕೂ ಮೇಲೆ ಕೆಂಪುಮಣ್ಣು. ಮೇಷ್ಟ್ರು ಮತ್ತೆ ನಿಂಬೆಹಣ್ಣು ತೆಗೆದರು. ಮೇಲಿನ ಕಲಬೆರಕೆ ಪದರದ ಪುಡಿ ಒಂದಿಷ್ಟು ನೊರೆಯಿತು. ಅಡಿಯಲ್ಲಿ ಉದುರಿ ಬಿದ್ದಿದ್ದ ಅಚ್ಚಬಿಳಿಯ ಪುಡಿ ನೆನೆದು ಸುಮ್ಮನೆ ಕೂತಿತು. ಅಂಗೈಯಲ್ಲಿ ತಿಕ್ಕಿದರೆ ಮೈದಾಹಿಟ್ಟಿನಷ್ಟು ನಯ, ಉಗುರಿನ ಮೇಲೆ ತಿಕ್ಕಿದರೆ ಸಣ್ಣಗೆ ಕೊರೆಯುತ್ತದೆ. ಅಕ್ಕನ ಮಗನ ಭೂತಗನ್ನಡಿಯಲ್ಲಿ ಬಿಸಿಲಿಗೆ ಹಿಡಿದಾಗ ಪುಡಿಯೆಲ್ಲ ಮಿಣಮಿಣ ಎಂದಿತು: ಒಡೆದ ಬಳೆಚೂರಿನಂತೆ ಬಾಗಿದ ಗಾಜಿನ ಚೂರುಗಳು. ಅವನು ಊಟದ ಡಬ್ಬಿಯ ಮುಚ್ಚಳವನ್ನು ಅದರಿಂದ ತಿಕ್ಕಿ ನೋಡಿದ. ಹಳೆಯ ಎಣ್ಣೆಜಿಡ್ಡು ಒಂದೇ ಸುತ್ತಿಗೆ ಹೋಯಿತು.

ಈ ಗಾಜಿಗೆ ರಾಸಾಯನಿಕ ಗುರುತಿದೆ; ಎಲ್ಲಿ ಸಿಕ್ಕರೂ ಟೋಬಾದ್ದೆಂದು ಗುರುತಿಸಬಹುದು. ಆಫ್ರಿಕದ ಮಲಾವಿ ಸರೋವರದ ತಳದ ಕೆಸರಿನಲ್ಲಿ ಇದು ಸಿಕ್ಕಿದೆ. ಟೋಬಾದಿಂದ ಸುಮಾರು 9,000 ಕಿಲೋಮೀಟರು ದೂರದ ದಕ್ಷಿಣ ಆಫ್ರಿಕದ ಪಿನಕಲ್ ಪಾಯಿಂಟ್ ಎಂಬಲ್ಲಿ, ಕಡಲಂಚಿನ ಗವಿಯಲ್ಲಿ ಬಾಳಿದ್ದ ಜನರ ಒಲೆಬೂದಿಯ ಪದರಗಳ ನಡುವೆ, ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಷ್ಟು ಸಣ್ಣ ಚೂರುಗಳಾಗಿ ಸಿಕ್ಕಿದೆಯೆಂದು 2018ರಲ್ಲಿ ಪ್ರಕಟವಾಯಿತು. ಎಂದಿಗೂ ಒಬ್ಬರನ್ನೊಬ್ಬರು ಕಾಣದ ಎರಡು ಜನಸಮೂಹಗಳ ನೆಲೆಗಳ ಮೇಲೆ ಒಂದೇ ದುರಂತದ ದೂಳು ಬಿದ್ದಿದೆ. ನಾಲ್ಕು ದಿನದಲ್ಲಿ ನಾನು ಕಂಡ ಅತ್ಯಂತ ಖಚಿತವಾದ ನಂಟು ಇದೇ, ಮತ್ತು ಇದು ಜನರ ನಂಟಲ್ಲವೇ ಅಲ್ಲ.

ಜನರ ನಂಟಿನ ಜಗಳ ಶುರುವಾಗುವುದು ಈ ಬೂದಿಯ ಕೆಳಗೆ ಮತ್ತು ಮೇಲೆ ಸಿಕ್ಕ ಕಲ್ಲುಗಳಿಂದ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯ ಅವರ ತಂಡ 2007ರಲ್ಲಿ ಪ್ರಕಟಿಸಿದ ಪ್ರಕಾರ, ಸುಮಾರು 77,000 ವರ್ಷ ಹಳೆಯದಾದ ಕೆಳಪದರದ ಕಲ್ಲುಪಕರಣಗಳಿಗೂ ಬೂದಿಯ ಮೇಲಿನವಕ್ಕೂ ಬಹಳ ವ್ಯತ್ಯಾಸವಿಲ್ಲ. ಅಂದರೆ ಬೂದಿಯ ಮಳೆಯನ್ನು ದಾಟಿ ಯಾರೋ ಇಲ್ಲಿ ಬದುಕುಳಿದರು. ಚಕ್ಕೆ ತೆಗೆದ ತಿರುಳುಗಲ್ಲುಗಳು ಆಫ್ರಿಕದ ಮಧ್ಯ ಶಿಲಾಯುಗದವುಗಳನ್ನು ಹೋಲುವುದರಿಂದ ಅವರು ನಮ್ಮಂಥ ಮನುಷ್ಯರೇ ಇರಬಹುದೆಂಬುದು ಈ ತಂಡದ ವಾದ. ಕೇಂಬ್ರಿಜಿನ ಪುರಾತತ್ವಜ್ಞ ಪಾಲ್ ಮೆಲ್ಲರ್ಸ್ ಒಪ್ಪಲಿಲ್ಲ. ಆಧುನಿಕ ಮನುಷ್ಯ ಇಲ್ಲಿಗೆ ಬಂದದ್ದು ಟೋಬಾದ ನಂತರ, ಅರುವತ್ತರಿಂದ ಐವತ್ತು ಸಾವಿರ ವರ್ಷಗಳ ಹಿಂದೆ, ಸೂಕ್ಷ್ಮ ಶಿಲಾಯುಧಗಳನ್ನು ಹಿಡಿದುಕೊಂಡು ಕರಾವಳಿಯ ದಾರಿಯಲ್ಲಿ ಎಂದು ಅವರು ವಾದಿಸಿದರು. ಅವರ ಸಾಕ್ಷಿಯಲ್ಲಿಯೂ ಜ್ವಾಲಾಪುರವಿದೆ. ಇಲ್ಲಿನ ಒಂಬತ್ತನೆಯ ನೆಲೆಯೆಂದು ಕರೆಯುವ ಕಲ್ಲಾಸರೆಯಲ್ಲಿ ಸುಮಾರು 35,000 ವರ್ಷಗಳಿಂದ ಸೂಕ್ಷ್ಮ ಶಿಲಾಯುಧಗಳ ಸರಣಿಯೇ ಸಿಕ್ಕಿದೆ. ಅವುಗಳಲ್ಲಿನ ಅರ್ಧಚಂದ್ರಾಕಾರದ ಅಲಗುಗಳು ದಕ್ಷಿಣ ಆಫ್ರಿಕದ ಹೋವಿಸನ್ಸ್ ಪೋರ್ಟ್ ಎಂಬ ಹಳೆಯ ಶಿಲಾಯುಧ ಪರಂಪರೆಯವುಗಳಂತಿವೆ. ಮಹಾರಾಷ್ಟ್ರದ ಪಾಟಣೆಯಲ್ಲಿ ಸಿಕ್ಕ ಗೆರೆ ಕೊರೆದ ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪು ಆಫ್ರಿಕದ ಗೆರೆ ಕೊರೆದ ಚಿಪ್ಪುಗಳಂತಿದೆ.

ನಾವು ಆ ಕಲ್ಲಾಸರೆಯಿರುವ ಬೆಟ್ಟದ ಬುಡಕ್ಕೆ ಹೋದಾಗ ಮಧ್ಯಾಹ್ನ ಇಳಿದಿತ್ತು. ದಾರಿಯ ಜಲ್ಲಿಯಲ್ಲಿ ಮೇಷ್ಟ್ರ ಕಣ್ಣಿಗೊಂದು ಕಲ್ಲು ಬಿತ್ತು: ಹೆಬ್ಬೆರಳಿನಷ್ಟು ಉದ್ದದ ನಸುಗೆಂಪು ಕಲ್ಲಿನ ಚೂರು, ಒಂದು ಅಂಚು ಇಂದಿಗೂ ಕಾಗದ ಕೊಯ್ಯುವಷ್ಟು ಹರಿತ, ಎದುರಂಚನ್ನು ಸಣ್ಣ ಸಣ್ಣದಾಗಿ ಕುಟ್ಟಿ ಮೊಂಡು ಮಾಡಿದ ಹಾಗಿದೆ. ಮನುಷ್ಯನ ಕೈಯೋ ಎತ್ತಿನಗಾಡಿಯ ಚಕ್ರವೋ ಹೇಳುವಷ್ಟು ವಿದ್ಯೆ ನಮಗಿಲ್ಲ. ಆದರೆ ಮೊಂಡು ಮಾಡುವುದೇಕೆ ಎಂಬುದು ಅದನ್ನು ಬೆರಳಲ್ಲಿ ಹಿಡಿದಾಗ ಗೊತ್ತಾಗುತ್ತದೆ. ಎರಡೂ ಕಡೆ ಹರಿತವಿದ್ದರೆ ಹಿಡಿದವನ ಬೆರಳೇ ಕೊಯ್ಯುತ್ತದೆ. ಬಾಣದ ಕೋಲಿಗೆ ಸಿಕ್ಕಿಸಿ ಅಂಟು ಹಾಕಿದರೆ ಕೋಲು ಸೀಳುತ್ತದೆ. ಈ ಬುದ್ಧಿ ಹೊಳೆಯಲು ಆಫ್ರಿಕದ ಗುರು ಬೇಕೇ ಎಂದು ಕೋರಿಶೆಟ್ಟರ್ ಕಡೆಯವರು ಕೇಳುವ ಪ್ರಶ್ನೆ ನನಗೆ ನ್ಯಾಯವೆನಿಸುತ್ತದೆ. ಅಕ್ಕನ ಮಗ ಅದನ್ನು ಜೇಬಿಗಿಳಿಸಲು ನೋಡಿದ; ಇಂಥ ನೆಲೆಗಳಿಂದ ಏನನ್ನೂ ಎತ್ತಬಾರದು, ಸ್ಥಳ ತಪ್ಪಿದ ಕಲ್ಲು ಸಾಕ್ಷಿ ಹೇಳುವುದಿಲ್ಲವೆಂದು ತಿಳಿಹೇಳಿ ಇಡಿಸಿದೆ.

ಆಸ್ಟ್ರೇಲಿಯದ ಕಥೆಯೂ ಇದೇ ಬಗೆಯ ಕಲ್ಲಿನಿಂದ ಆರಂಭವಾಯಿತು. ಅಲ್ಲಿಯೂ ಬೆನ್ನು ಮೊಂಡು ಮಾಡಿದ ಅಲಗುಗಳಿವೆ, ಡಿಂಗೋ ಎಂಬ ಕಾಡುನಾಯಿಯಿದೆ. ಎರಡನ್ನೂ ನಾಲ್ಕೈದು ಸಾವಿರ ವರ್ಷಗಳ ಹಿಂದೆ ಭಾರತದವರು ಒಯ್ದರೆಂದು ಬಹುಕಾಲ ಊಹಿಸಲಾಗಿತ್ತು. 2013ರ ಅಧ್ಯಯನ ಆ ಊಹೆಗೆ ವಂಶವಾಹಿಯ ಬಲ ಕೊಟ್ಟಿತು. ಆದರೆ ಆಸ್ಟ್ರೇಲಿಯದಲ್ಲಿಯೇ ಎಂಟು ಸಾವಿರ ವರ್ಷಕ್ಕೂ ಹಳೆಯ ಅಂಥ ಅಲಗುಗಳು ಸಿಕ್ಕಿದ್ದವು. ಡಿಂಗೋದ ವಂಶ ಪೂರ್ವ ಏಷ್ಯಾ ಮತ್ತು ನ್ಯೂಗಿನಿಯ ನಾಯಿಗಳ ಕಡೆ ಬೊಟ್ಟು ಮಾಡಿತು. 2016ರಲ್ಲಿ ಮೂಲನಿವಾಸಿ ಗಂಡಸರ, ತಂದೆಯಿಂದ ಮಗನಿಗೆ ಇಳಿಯುವ ವೈ ಕ್ರೋಮೋಸೋಮುಗಳನ್ನು ಪೂರ್ತಿ ಓದಿದಾಗ ಭಾರತದ ಜನರಿಂದ ಅವರು ಅಗಲಿದ್ದು ಐವತ್ತು ಸಾವಿರ ವರ್ಷಗಳಷ್ಟು ಹಿಂದೆಯೆಂದು ಕಂಡಿತು. ಇದಕ್ಕೆ ಹೊಂದುವಂಥದ್ದನ್ನು ಭಾರತದ ಮಾನವಶಾಸ್ತ್ರ ಸರ್ವೇಕ್ಷಣೆಯವರು 2009ರಲ್ಲಿಯೇ ಹೇಳಿದ್ದರು. 26 ಬುಡಕಟ್ಟುಗಳ 966 ಜನರ, ತಾಯಿಯಿಂದ ಮಾತ್ರ ಇಳಿಯುವ ಮೈಟೊಕಾಂಡ್ರಿಯ ಡಿಎನ್‌ಎ ಓದಿದಾಗ ಏಳು ಜನರಲ್ಲಿ ಮಾತ್ರ ಆಸ್ಟ್ರೇಲಿಯದವರೊಡನೆ ಹಂಚಿಕೊಂಡ ಗುರುತುಗಳು ಸಿಕ್ಕವು; ಆ ಕವಲು ಒಡೆದು ಐವತ್ತರಿಂದ ಅರುವತ್ತು ಸಾವಿರ ವರ್ಷಗಳಾಗಿವೆ.

ಸಂಜೆ ಬನಗಾನಪಲ್ಲಿಯ ಚಹದಂಗಡಿಯ ಕಟ್ಟೆಯ ಮೇಲೆ ಕೂತು ಅಕ್ಕನ ಮಗನ ವರದಿಯ ಲೆಕ್ಕವನ್ನು ಅವನೇ ಬಿಡಿಸಿದ, ನಾನು ಬರೇ ಕೇಳುತ್ತಿದ್ದೆ. ಆಫ್ರಿಕದಿಂದ ಹೊರಟ ಜನರ ಪೂರ್ವದ ಕವಲೊಂದರಿಂದ ನಮ್ಮ ನೆಲದ ಹಳೆಯ ಬೇಟೆಗಾರರು, ಅಂಡಮಾನಿನವರು, ಪಪುವಾ ಮತ್ತು ಆಸ್ಟ್ರೇಲಿಯದವರು ಬೇರೆಬೇರೆಯಾದರು. ನಮ್ಮೊಳಗಿನ ಆ ಹಳೆಯ ಬೇಟೆಗಾರರ ಪಾಲಿಗೆ ಹೋಲಿಸಲು ಕಲಬೆರಕೆಯಾಗದ ಮಾದರಿ ಇಂದು ಯಾರ ಬಳಿಯೂ ಇಲ್ಲ. ಕಂಪನಿಯ ಗಣಕಯಂತ್ರ ಅದನ್ನು ಎಲ್ಲಿಗಾದರೂ ಸೇರಿಸಬೇಕಲ್ಲ. ದೂರದ ದಾಯಾದಿಯಾದ ಓಷಿಯಾನಿಯಾದ ಖಾತೆಗೆ ಒಂದೆರಡು ಪಾಲು ಜಮಾ ಮಾಡಿದೆ. "ಅಂದರೆ ನಾನು ಅವರಿಂದ ಬಂದಿಲ್ಲ, ಇಬ್ಬರೂ ಇನ್ಯಾರಿಂದಲೋ ಬಂದಿದ್ದೇವೆ" ಎಂದ. ಮೇಷ್ಟ್ರು ಒಂದು ಅಡ್ಡಪ್ರಶ್ನೆ ಹಾಕಿದರು: "ಹಾಗಾದರೆ ಆ ಬೂದಿಯ ಕೆಳಗಿನ ಕಲ್ಲಿನವರು ನಿನಗೆ ಏನಾಗಬೇಕು?" ಹುಡುಗ ಚಹ ಆರುವವರೆಗೂ ಯೋಚಿಸಿದ. 2,700ಕ್ಕೂ ಹೆಚ್ಚು ಭಾರತೀಯರ ಜೀನೋಮುಗಳನ್ನು ಓದಿದ ಇತ್ತೀಚಿನ ಅಧ್ಯಯನವೊಂದು ನಮ್ಮ ವಂಶದ ಬಹುಪಾಲು ಸುಮಾರು ಐವತ್ತು ಸಾವಿರ ವರ್ಷಗಳ ಹಿಂದಿನ ಒಂದೇ ವಲಸೆಯಿಂದ ಬಂದದ್ದೆಂದು ಹೇಳುತ್ತದೆ. ಆಫ್ರಿಕದ ಹೊರಗಿನ ಎಲ್ಲರಲ್ಲಿಯೂ ಇರುವ, ಅಳಿದುಹೋದ ಮಾನವ ಕವಲಾದ ನಿಯಾಂಡರ್ತಾಲರ ಅಂಶ ಸೇರಿದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಅಲ್ಲಿಗೆ 77,000 ವರ್ಷಗಳ ಹಿಂದೆ ಜುರ್ರೇರಿನ ದಡದಲ್ಲಿ ಕಲ್ಲು ಒಡೆಯುತ್ತಿದ್ದವರು ನಮ್ಮಂಥ ಮನುಷ್ಯರೇ ಆಗಿದ್ದರೂ ನಮ್ಮ ಅಜ್ಜ ಮುತ್ತಜ್ಜರಾಗಿರುವುದು ಕಷ್ಟ. ಬೂದಿಯ ಮಳೆಯನ್ನು ದಾಟಿ ಬದುಕಿದವರು ಆಮೇಲೆಂದೋ ಸದ್ದಿಲ್ಲದೆ ಮುಗಿದುಹೋಗಿರಬೇಕು. ಆಸ್ಟ್ರೇಲಿಯದವರಾದರೂ ದಾಯಾದಿಗಳು, ನಮ್ಮದೇ ಸೀಮೆಯ ನೆಲದಲ್ಲಿ ಮಲಗಿರುವ ಇವರು ಬಹುಶಃ ಏನೂ ಆಗಬೇಕಾದವರಲ್ಲ. ಇದನ್ನು ಕೇಳಿದ ಮೇಲೆ ಮೂವರಿಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ನಾಲ್ಕನೆಯ ದಿನ: ವಾಪಸು

ತಾಡಪತ್ರಿಯ ದಾರಿ ಹಿಡಿದು, ಒಂದು ಪಂಕ್ಚರು, ಎರಡು ಚಹ ಮುಗಿಸಿ ಇಳಿಹೊತ್ತಿಗೆ ರಾಯದುರ್ಗ ಸೇರಿದೆವು. ನೆಲೆಯಿಂದ ಏನೂ ತರಲಿಲ್ಲ. ಆದರೆ ಊರಿನ ಬಳಿ ಮಾರಾಟಕ್ಕೆ ಸುರಿದಿದ್ದ ರಾಶಿಯ ಕೂಲಿಯಾಳೊಬ್ಬ ಹಳೆಯ ಪೇಪರಿನಲ್ಲಿ ಒಂದು ಹಿಡಿ ಬಿಳಿಮಣ್ಣು ಕಟ್ಟಿಕೊಟ್ಟಿದ್ದ. ಅಕ್ಕ ಅದರ ಚರಿತ್ರೆಯನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, ಹಿತ್ತಿಲಲ್ಲಿ ಕೂತು ದೇವರಮನೆಯ ಹಿತ್ತಾಳೆಯ ದೀಪವನ್ನು ಅದರಿಂದ ತಿಕ್ಕಿ ನೋಡಿದಳು. ಕರಿ ಹೋಯಿತು, ಹೊಳಪು ಬಂತು. ಬೆಳಕಿಗೆ ಹಿಡಿದಾಗ ದೀಪದ ಮೈತುಂಬ ಕೂದಲೆಳೆಯಂಥ ಗೀರುಗಳು.

"ಇದರಲ್ಲಿ ಗಾಜಿದೆಯಲ್ಲೋ" ಎಂದು ಪೊಟ್ಟಣವನ್ನು ನನ್ನ ಕಡೆ ದೂಡಿ, ಅಡುಗೆಮನೆಯಿಂದ ಹುಣಸೆಹಣ್ಣು ತರಲು ಎದ್ದಳು.